ಬಟರ್‌ಟಬ್ಸ್ ಏರಿ, ಸ್ವೇಲ್‌ಡೇಲ್ ಇಳಿದು: ಯಾರ್ಕ್‌ಷೈರ್ ಕಣಿವೆಗಳಲ್ಲಿ ಸೈಕಲ್ ಸವಾರಿಗೆ ಒಂದು ಮಾರ್ಗದರ್ಶಿ

ಇಂಗ್ಲೆಂಡಿನ ಗುಡ್ಡಗಳ ಎತ್ತರವನ್ನು ನಕ್ಷೆಯಲ್ಲಿ ನೋಡಿ ಹಗುರವಾಗಿ ಎಣಿಸುವುದು ನಂದಿ ಬೆಟ್ಟವನ್ನು ತುಳಿದು ಏರಿದ ಸೈಕಲ್ ಸವಾರರಿಗೆ ಸಹಜ. ನಂದಿಯ ನೆತ್ತಿ 1,478 ಮೀಟರ್ ಎತ್ತರದಲ್ಲಿದೆ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್ ಪ್ರದೇಶದ ಹೆಸರಾಂತ ಏರು ಬಟರ್‌ಟಬ್ಸ್‌ನ ನೆತ್ತಿ ಕೇವಲ 526 ಮೀಟರ್. ನಾನೂ ಈ ಲೆಕ್ಕವನ್ನೇ ನಂಬಿ ಮೊದಲ ಸಲ ಹೋಗಿ, ಏರಿನ ಮೊದಲ ಕಿಲೋಮೀಟರಿನಲ್ಲೇ ಇಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆದವನು. ಆಗುಂಬೆಯಂಥ ಘಾಟಿಯಲ್ಲಿ ರಸ್ತೆಯು ತಿರುವಿನ ಮೇಲೆ ತಿರುವು ತೆಗೆದುಕೊಂಡು ಏರನ್ನು ಹಂಚಿಕೊಡುತ್ತದೆ. ಡೇಲ್ಸ್‌ನ ಅನೇಕ ರಸ್ತೆಗಳು ಗಾಲಿಯ ಬಂಡಿಗಳಿಗೆಂದು ಮಾಡಿದವಲ್ಲ. ಹೇರುಗುದುರೆಗಳೂ ದನಕುರಿ ಹೊಡೆದುಕೊಂಡು ಹೋಗುವವರೂ ತುಳಿದ ದಾರಿಗಳವು, ಆದ್ದರಿಂದ ಗುಡ್ಡ ಎದುರಾದಲ್ಲಿ ನೇರವಾಗಿ ಅದರ ಮೈಮೇಲೆಯೇ ಹತ್ತುತ್ತವೆ. ಇಲ್ಲಿ ಸವಾರಿಯನ್ನು ಯೋಜಿಸುವವರು ಒಟ್ಟು ದೂರ ಮತ್ತು ನೆತ್ತಿಯ ಎತ್ತರವನ್ನು ಬದಿಗಿಟ್ಟು, ಏರಿನ ಕಡಿದುತನ ಹಾಗೂ ಗಾಳಿಯ ದಿಕ್ಕು, ಈ ಎರಡನ್ನು ಮೊದಲು ನೋಡಬೇಕು.

ಈ ಲೇಖನದಲ್ಲಿ ವಿವರಿಸುವುದು ಮುಖ್ಯವಾಗಿ ಒಂದೇ ದಾರಿ: ಹಾಸ್ ಎಂಬ ಸಂತೆಯೂರಿನಿಂದ ಹೊರಟು, ಬಟರ್‌ಟಬ್ಸ್ ದಾಟಿ ಸ್ವೇಲ್‌ಡೇಲ್ ಕಣಿವೆಗೆ ಇಳಿದು, ಗ್ರಿಂಟನ್ ಮೂರ್ ಎಂಬ ಬಯಲುಗುಡ್ಡ ಏರಿ, ವೆನ್ಸ್ಲಿಡೇಲ್ ಕಣಿವೆಯ ಮೂಲಕ ಹಾಸ್‌ಗೆ ಮರಳುವ ಸುಮಾರು 60 ಕಿಲೋಮೀಟರಿನ ಸುತ್ತು. ಒಟ್ಟು ಏರು ಸಾವಿರ ಮೀಟರಿನ ಆಸುಪಾಸು. 2014ರ ಜುಲೈ 5ರಂದು ಟೂರ್ ಡಿ ಫ್ರಾನ್ಸ್‌ನ ಮೊದಲ ಹಂತ ಲೀಡ್ಸ್‌ನಿಂದ ಹ್ಯಾರೊಗೇಟ್‌ಗೆ ಸಾಗಿದಾಗ ಈ ಎರಡೂ ಏರುಗಳು ಅದರ ದಾರಿಯಲ್ಲಿದ್ದವು. ಆ ಸ್ಪರ್ಧೆಯ ಲೆಕ್ಕದಲ್ಲಿ ಬಟರ್‌ಟಬ್ಸ್ 4.5 ಕಿ.ಮೀ. ಉದ್ದ, ಸರಾಸರಿ ಶೇ. 6.8 ಏರು, ಗ್ರಿಂಟನ್ ಮೂರ್ 3 ಕಿ.ಮೀ. ಉದ್ದ, ಸರಾಸರಿ ಶೇ. 6.6. ಸರಾಸರಿ ಎಂಬ ಮಾತು ಎಷ್ಟು ಮೋಸದ್ದು ಎಂಬುದು ರಸ್ತೆಯ ಮೇಲೆಯೇ ತಿಳಿಯುತ್ತದೆ.

ಮೊದಲು ನಕ್ಷೆಯನ್ನು ಓದುವುದು

ಹೊರಡುವ ವಾರ ಮೊದಲೇ ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 1:50,000 ಪ್ರಮಾಣದ ಲ್ಯಾಂಡ್‌ರೇಂಜರ್ ನಕ್ಷೆಯನ್ನೋ ಅದರ ಫೋನ್ ಆವೃತ್ತಿಯನ್ನೋ ತೆರೆದು, ಹೋಗಬೇಕಾದ ರಸ್ತೆಯ ಮೇಲೆ ಬಾಣದ ತುದಿಯಂತೆ ಕಾಣುವ ಗುರುತುಗಳನ್ನು ಹುಡುಕಬೇಕು. ಒಂಟಿ ಗುರುತು ಇದ್ದರೆ ಅಲ್ಲಿನ ಏರು ಶೇ. 14ರಿಂದ 20ರವರೆಗೆ ಇದೆ ಎಂದೂ, ಜೋಡಿ ಗುರುತು ಇದ್ದರೆ ಶೇ. 20ಕ್ಕಿಂತ ಹೆಚ್ಚು ಎಂದೂ ಅರ್ಥ. ಬಾಣದ ಮೊನೆ ಯಾವಾಗಲೂ ಇಳಿಜಾರಿನ ಕಡೆಗೆ ಇರುತ್ತದೆ. ಶೇ. 20 ಎಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಇಪ್ಪತ್ತು ಮೀಟರ್ ಮೇಲೇರುವುದು. ಅಂಥ ಕಡೆ ಸೀಟಿನ ಮೇಲೆ ಕುಳಿತು ತುಳಿದರೆ ಮುಂದಿನ ಚಕ್ರ ನೆಲ ಬಿಡಲು ನೋಡುತ್ತದೆ, ಎದ್ದು ನಿಂತು ತುಳಿದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರುತ್ತದೆ. ಸೀಟಿನ ಮುಂತುದಿಗೆ ಸರಿದು, ಮೊಣಕೈ ಬಗ್ಗಿಸಿ, ಎದೆಯನ್ನು ಹ್ಯಾಂಡಲ್ಲಿನತ್ತ ತಂದು ತುಳಿಯುವುದು ನಡುವಿನ ದಾರಿ. ರಸ್ತೆಬದಿಯ ಫಲಕಗಳಲ್ಲಿ ಏರನ್ನು ಶೇಕಡಾ ಲೆಕ್ಕದಲ್ಲಿ ಬರೆದಿರುತ್ತಾರೆ. ಎಲ್ಲೋ ಹಳೆಯ ಫಲಕ ಉಳಿದಿದ್ದರೆ ನಾಲ್ಕಕ್ಕೆ ಒಂದು, ಐದಕ್ಕೆ ಒಂದು ಎಂಬ ರೀತಿಯಲ್ಲಿ ಇರುತ್ತದೆ. ನಾಲ್ಕಕ್ಕೆ ಒಂದು ಎಂದರೆ ಶೇ. 25. ದೂರವೆಲ್ಲ ಮೈಲಿಗಳಲ್ಲಿ ಇರುವುದರಿಂದ, ಆರು ಎಂದು ಓದಿ ಆರು ಕಿಲೋಮೀಟರ್ ಎಂದು ಸಮಾಧಾನಪಟ್ಟುಕೊಳ್ಳಬಾರದು.

ಸ್ಥಳನಾಮಗಳ ಕೆಲವು ಅಂಶಗಳು ತಿಳಿದಿದ್ದರೆ ನಕ್ಷೆ ಇನ್ನಷ್ಟು ಮಾತಾಡುತ್ತದೆ. ಈ ಸೀಮೆಯ ಹೆಸರುಗಳಲ್ಲಿ ಹಳೆಯ ನಾರ್ಸ್ ಭಾಷೆಯ ಪದಗಳು ತುಂಬಿವೆ. ಬೆಕ್ ಎಂದರೆ ಹಳ್ಳ, ಫೋರ್ಸ್ ಎಂದರೆ ಜಲಪಾತ, ಫೆಲ್ ಎಂದರೆ ಬೋಳುಗುಡ್ಡ, ಥ್ವೇಟ್ ಎಂದರೆ ಕಾಡು ಕಡಿದು ಮಾಡಿದ ಬಯಲು. ರಸ್ತೆಯು ಬೆಕ್ ಒಂದನ್ನು ದಾಟುವಲ್ಲಿ ಇಳಿದು ಕೂಡಲೇ ಏರಬೇಕಾಗುತ್ತದೆ ಎಂಬುದು ನಮ್ಮ ಮಲೆನಾಡಿನ ಹಳ್ಳಗಳನ್ನು ದಾಟಿ ಬಲ್ಲವರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ರಸ್ತೆಗಳ ದರ್ಜೆಯನ್ನೂ ನೋಡಿಕೊಳ್ಳಬೇಕು. ಎ ಎಂಬ ಅಕ್ಷರದಿಂದ ಆರಂಭವಾಗುವ ಸಂಖ್ಯೆಯ ರಸ್ತೆಗಳಲ್ಲಿ ವಾಹನಗಳು ಹೆಚ್ಚು. ವೆನ್ಸ್ಲಿಡೇಲ್ ಕಣಿವೆಯುದ್ದಕ್ಕೂ ಹೋಗುವ ಎ684 ಅಂಥದು, ಮತ್ತು ಹಾಸ್ ಊರು ಮೋಟಾರ್‌ಸೈಕಲ್ ಸವಾರರ ನೆಚ್ಚಿನ ತಾಣವಾದ್ದರಿಂದ ಬಿಸಿಲು ಬಿದ್ದ ಭಾನುವಾರಗಳಲ್ಲಿ ಆ ರಸ್ತೆ ಸೈಕಲ್ಲಿಗೆ ಹಿತವಾಗಿರುವುದಿಲ್ಲ. ಅದೇ ಕಣಿವೆಯ ಉತ್ತರ ಮಗ್ಗುಲಲ್ಲಿ ಸಣ್ಣ ರಸ್ತೆಯೊಂದಿದೆ. ನಮ್ಮ ಸುತ್ತು ಅದನ್ನೇ ಹಿಡಿಯುತ್ತದೆ.

ಸೈಕಲ್ಲನ್ನು ಅಣಿಮಾಡುವುದು

ಗೇರಿನ ವಿಷಯದಲ್ಲಿ ಪ್ರತಿಷ್ಠೆ ಬೇಡ. ಪೆಡಲಿನ ಬಳಿಯ ಹಲ್ಲುಚಕ್ರಗಳಲ್ಲಿ (ಚೈನ್‌ರಿಂಗ್) ಸಣ್ಣದು 34 ಹಲ್ಲಿನದೂ, ಹಿಂದಿನ ಹಲ್ಲುಚಕ್ರಗಳ ಗೊಂಚಲಾದ ಕ್ಯಾಸೆಟ್‌ನ ದೊಡ್ಡ ಚಕ್ರ ಕನಿಷ್ಠ 32 ಹಲ್ಲಿನದೂ ಆಗಿರಲಿ. 34 ಇದ್ದರೆ ಇನ್ನೂ ಒಳ್ಳೆಯದು. ನಾನು ತಳ್ಳಿಕೊಂಡು ನಡೆದ ದಿನ ನನ್ನ ಕ್ಯಾಸೆಟ್ 28ಕ್ಕೇ ಮುಗಿದಿತ್ತು. ಸೈಕಲ್ಲನ್ನು ಬಾಡಿಗೆಗೆ ಪಡೆಯುವವರು ಅಂಗಡಿಯಲ್ಲಿ ಹಲ್ಲುಗಳನ್ನು ಎಣಿಸಿಯೇ ಹಣ ಕೊಡಬೇಕು. ಟೈರು 28 ಮಿ.ಮೀ.ಗಿಂತ ಕಿರಿದಾಗಿರಬಾರದು, ಏಕೆಂದರೆ ಸಣ್ಣ ರಸ್ತೆಗಳ ಡಾಂಬರು ಒರಟು. ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಹೊರಡುವ ಮುನ್ನವೇ ಬದಲಾಯಿಸಬೇಕು. ಏರಿನಲ್ಲಿ ಕೈಕೊಟ್ಟ ಸೈಕಲ್ ಸವಾರನನ್ನು ನಡೆಸುತ್ತದೆ ಅಷ್ಟೇ. ಕಡಿದಾದ ಇಳಿಜಾರಿನಲ್ಲಿ ಕೈಕೊಟ್ಟರೆ ಪರಿಣಾಮವೇ ಬೇರೆ. ಎರಡು ಟ್ಯೂಬು, ಪಂಪು, ಪ್ಯಾಚು, ಚೈನ್ ಜೋಡಿಸುವ ಉಪಕರಣ ಜೊತೆಗಿರಲಿ. ಸ್ವೇಲ್‌ಡೇಲ್‌ನ ಎಷ್ಟೋ ಕಡೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಆದ್ದರಿಂದ ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಂಡು, ಕಾಗದದ ಪ್ರತಿಯನ್ನೂ ಜೇಬಿನಲ್ಲಿ ಇಟ್ಟುಕೊಳ್ಳುವುದು ಜಾಣತನ.

ಬಟ್ಟೆಯ ಮಾತಿಗೆ ಬಂದರೆ, ಕಣಿವೆಯಲ್ಲಿ ಬೆಚ್ಚಗಿದೆಯೆಂದು ಗಾಳಿತಡೆಯ ಜಾಕೆಟ್ಟನ್ನು ಬಿಟ್ಟು ಹೋಗುವುದೇ ಹೊಸಬರ ಸಾಮಾನ್ಯ ತಪ್ಪು. ಮುನ್ನೂರು ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು ಎರಡು ಡಿಗ್ರಿ ಇಳಿಯುತ್ತದೆ. ಅದರ ಮೇಲೆ ಬಯಲುಗುಡ್ಡದ ಗಾಳಿ, ಏರಿನಲ್ಲಿ ಸುರಿದ ಬೆವರು, ಆಮೇಲೆ ತುಳಿಯದೆ ಕುಳಿತು ಇಳಿಯುವ ಹತ್ತು ನಿಮಿಷ. ಜೂನ್ ತಿಂಗಳಿನಲ್ಲೂ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗದ ಸ್ಥಿತಿ ಬರಬಹುದು. ತೆಳುವಾದ ಪೂರ್ಣ ಕೈಗವಸು ಮತ್ತು ಮಳೆ ತಡೆಯುವ ಜಾಕೆಟ್ಟು ಯಾವ ತಿಂಗಳಿನಲ್ಲಾದರೂ ಬೇಕು.

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಕಾಲ ಸವಾರಿಗೆ ಸೂಕ್ತ. ಜೂನ್ ನಡುವಿನಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ, ಮ್ಯೂಕರ್ ಊರಿನ ಸುತ್ತಲ ಹುಲ್ಲುಗಾವಲುಗಳು ಹೂ ಬಿಟ್ಟಿರುತ್ತವೆ. ಆಗಸ್ಟ್‌ನಲ್ಲಿ ಗ್ರಿಂಟನ್ ಮೂರ್‌ನ ಹೆದರ್ ಪೊದೆಗಳು ನೇರಳೆ ಬಣ್ಣಕ್ಕೆ ತಿರುಗುತ್ತವೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ ಮತ್ತು ನೆತ್ತಿಯ ರಸ್ತೆಗಳಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಆ ಕಾಲವನ್ನು ಅಲ್ಲಿಯವರಿಗೇ ಬಿಡುವುದು ಮೇಲು.

ತಲುಪುವ ಬಗೆ

ಲೀಡ್ಸ್‌ನಿಂದ ಕಾರ್ಲೈಲ್‌ಗೆ ಹೋಗುವ ರೈಲುಗಳು ಸೆಟಲ್–ಕಾರ್ಲೈಲ್ ಮಾರ್ಗದಲ್ಲಿ ಸಾಗುತ್ತವೆ. ಹಾಸ್‌ನಲ್ಲಿ ಈಗ ರೈಲು ನಿಲ್ದಾಣವಿಲ್ಲ. ಹಳೆಯ ನಿಲ್ದಾಣದ ಜಾಗದಲ್ಲಿ ವಸ್ತುಸಂಗ್ರಹಾಲಯವಿದೆ. ಹತ್ತಿರದ ನಿಲ್ದಾಣ ಗಾರ್ಸ್‌ಡೇಲ್, ಅಲ್ಲಿಂದ ಹಾಸ್‌ಗೆ ಸುಮಾರು 10 ಕಿ.ಮೀ. ಅದಕ್ಕಿಂತ ಮೊದಲು ಸಿಗುವ ರಿಬಲ್‌ಹೆಡ್‌ನಲ್ಲಿ ಇಳಿದರೆ 24 ಕಮಾನುಗಳ ಪ್ರಸಿದ್ಧ ರೈಲು ಸೇತುವೆಯನ್ನು ಕಂಡು, ಬಿ6255 ರಸ್ತೆಯಲ್ಲಿ ಮೊದಲು ನಿಧಾನವಾಗಿ ಏರಿ, ಅನಂತರ ವಿಡ್‌ಡೇಲ್ ಕಣಿವೆಯ ಉದ್ದದ ಇಳಿಜಾರಿನಲ್ಲಿ ಹಾಸ್ ತಲುಪಬಹುದು. ದೂರ ಸುಮಾರು 16 ಕಿ.ಮೀ. ರೈಲಿನಲ್ಲಿ ಸೈಕಲ್ಲುಗಳಿಗೆ ಇರುವ ಜಾಗ ಬಹಳ ಕಡಿಮೆ, ಸಾಮಾನ್ಯವಾಗಿ ಎರಡಕ್ಕೆ ಮಾತ್ರ, ಅದೂ ಮೊದಲು ಬಂದವರಿಗೆ. ನಾಲ್ವರು ಗೆಳೆಯರು ಒಟ್ಟಿಗೆ ಹೋಗುವುದಾದರೆ ಬೇರೆ ಬೇರೆ ರೈಲುಗಳಲ್ಲಿ ಹೊರಡುವುದೋ ಕಾರಿನ ಹಿಂದೆ ಸೈಕಲ್ ಕಟ್ಟುವುದೋ ಆಗಬೇಕು. ದಿನಕ್ಕೆ ಕೆಲವೇ ರೈಲುಗಳಿರುವುದರಿಂದ ಮರಳುವ ವೇಳೆಯನ್ನು ಮೊದಲು ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ದಿನದ ಯೋಜನೆ ಮಾಡಬೇಕು.

ಕಡಿದಾದ ಏರಿಗೆ ಇನ್ನೂ ಕಾಲು ಪಳಗದವರು ಮೊದಲ ಸಲ ರಿಬಲ್‌ಹೆಡ್‌ನಿಂದ ಹಾಸ್‌ಗೆ, ಹಾಸ್‌ನಿಂದ ಗಾರ್ಸ್‌ಡೇಲ್‌ಗೆ ಹೋಗಿ ರೈಲು ಹತ್ತಿದರೆ ಸಾಕು. ಇಪ್ಪತ್ತಾರು ಕಿಲೋಮೀಟರಿನ ಈ ಸಣ್ಣ ಸವಾರಿಯಲ್ಲೇ ಇಲ್ಲಿನ ಗಾಳಿ, ಕುರಿ, ಕಲ್ಲಿನ ಗೋಡೆ ಎಲ್ಲದರ ಪರಿಚಯ ಆಗುತ್ತದೆ. ಪೂರ್ಣ ಸುತ್ತನ್ನು ರೈಲಿನಲ್ಲಿ ಬಂದು ಒಂದೇ ದಿನದಲ್ಲಿ ಮುಗಿಸುವುದಾದರೆ 80 ಕಿ.ಮೀ. ದಾಟುತ್ತದೆ, ಹಾಸ್‌ನಲ್ಲಿ ರಾತ್ರಿ ತಂಗುವುದು ನನ್ನ ದೃಷ್ಟಿಯಲ್ಲಿ ಉತ್ತಮ.

ಕಾರಿನಲ್ಲಿ ಬರುವವರಿಗೆ ಇನ್ನೊಂದು ಆಯ್ಕೆಯಿದೆ, ಅದು ಗಾಳಿಗೆ ಸಂಬಂಧಿಸಿದ್ದು. ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಹಾಸ್ ಈ ಸುತ್ತಿನ ಪಶ್ಚಿಮ ತುದಿ. ಅಲ್ಲಿಂದ ಹೊರಟವರು ಬೆಳಗ್ಗೆ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಹಾರಿಹೋಗಿ, ದಣಿದ ಮಧ್ಯಾಹ್ನ ಅದನ್ನೇ ಎದೆಗೊಟ್ಟು ಹಿಂದಿರುಗಬೇಕು. ಅದರ ಬದಲು ಪೂರ್ವದ ಲೇಬರ್ನ್ ಊರಿನಲ್ಲಿ ಕಾರು ನಿಲ್ಲಿಸಿ, ವೆನ್ಸ್ಲಿಡೇಲ್‌ನಲ್ಲಿ ಪಶ್ಚಿಮಕ್ಕೆ ಸಾಗಿ, ಕಾಲಿನಲ್ಲಿ ಕಸುವಿರುವಾಗಲೇ ಎದುರುಗಾಳಿಯ ಸಾಲ ತೀರಿಸಿ, ಬಟರ್‌ಟಬ್ಸ್ ದಾಟಿದ ಮೇಲೆ ಸ್ವೇಲ್‌ಡೇಲ್ ಉದ್ದಕ್ಕೂ ಗಾಳಿಯ ಒತ್ತಾಸೆಯಲ್ಲಿ ಬರಬಹುದು. ಆ ಸುತ್ತು ಸುಮಾರು 70 ಕಿ.ಮೀ.; ಗ್ರಿಂಟನ್‌ನಿಂದ ಲೇಬರ್ನ್‌ಗೆ ಮರಳುವಾಗ ಟೂರ್ ಸಾಗಿದ ರಸ್ತೆಯಲ್ಲೇ ಹೋದಂತಾಗುತ್ತದೆ.

ದಾರಿಯ ವಿವರ

ಹಾಸ್‌ನಿಂದ ಉತ್ತರಕ್ಕೆ ಯೂರ್ ನದಿಯ ಸೇತುವೆಯನ್ನು ದಾಟಿದ ಕೂಡಲೇ ಏರು ಶುರುವಾಗುತ್ತದೆ. ಸೈಮನ್‌ಸ್ಟೋನ್ ಮೂಲಕ ಹೋಗುವ ಮೊದಲ ಭಾಗದಲ್ಲಿ ಎರಡೂ ಬದಿ ಕಲ್ಲಿನ ಗೋಡೆಗಳಿದ್ದು, ಏರು ಕೆಲವೆಡೆ ಶೇ. 15ನ್ನು ದಾಟುತ್ತದೆ. ಮೈ ಕಾಯುವ ಮೊದಲೇ ಇದು ಎದುರಾಗುವುದರಿಂದ, ಏರಿಗೆ ಹೊರಡುವ ಮುನ್ನ ಕಣಿವೆಯ ಸಮತಟ್ಟಿನಲ್ಲಿ ಹದಿನೈದು ನಿಮಿಷ ತುಳಿದು ಬರುವುದು ಒಳ್ಳೆಯದು. ಹಾರ್ಡ್ರಾ ಹಳ್ಳಿಯವರೆಗೆ ಹೋಗಿ ಬಂದರೆ ಸರಿಹೋಗುತ್ತದೆ. ಗೋಡೆಗಳು ಮುಗಿದು, ರಸ್ತೆಗೆ ಅಡ್ಡವಾಗಿ ಕಬ್ಬಿಣದ ಸರಳುಗಳನ್ನು ಜೋಡಿಸಿದ ದನತಡೆ ಬರುತ್ತದೆ. ಅದನ್ನು ಓರೆಯಾಗಿ ದಾಟಬಾರದು. ಸರಳುಗಳಿಗೆ ನೇರವಾಗಿ, ಹ್ಯಾಂಡಲ್ ತಿರುಗಿಸದೆ, ಬ್ರೇಕ್ ಒತ್ತದೆ ದಾಟಬೇಕು. ಮಳೆಯಲ್ಲಿ ಅದು ಸಾಬೂನಿನಂತೆ ಜಾರುತ್ತದೆ.

ಅಲ್ಲಿಂದ ಮುಂದೆ ಬೇಲಿಯಿಲ್ಲದ ಬಯಲುಗುಡ್ಡ. ಏರು ಸಡಿಲವಾಗುತ್ತದೆ, ಮತ್ತೆ ಬಿಗಿಯಾಗುತ್ತದೆ. 2014ರಲ್ಲಿ ಈ ಏರಿನ ಇಕ್ಕೆಲಗಳಲ್ಲಿ ಜನ ಎಷ್ಟು ಒತ್ತೊತ್ತಾಗಿ ನಿಂತಿದ್ದರೆಂದರೆ ಸ್ಪರ್ಧಿಗಳಿಗೆ ಉಳಿದಿದ್ದು ಒಂದು ಸೈಕಲ್ ಹೋಗುವಷ್ಟು ದಾರಿ ಮಾತ್ರ. ಮೊದಲು ನೆತ್ತಿ ಮುಟ್ಟಿದ ಜರ್ಮನ್ ಸವಾರ ಜೆನ್ಸ್ ವೋಯ್ಟ್, ಏರುಗಳಲ್ಲಿ ಮುಂದಿರುವವರಿಗೆ ಕೊಡುವ ಚುಕ್ಕೆಗಳ ಅಂಗಿಯನ್ನೂ ಆ ದಿನ ಗೆದ್ದ. ಸಾಮಾನ್ಯ ದಿನಗಳಲ್ಲಿ ಇಲ್ಲಿ ಪ್ರೇಕ್ಷಕರೆಂದರೆ ಕಪ್ಪು ಮುಖದ ಸ್ವೇಲ್‌ಡೇಲ್ ಕುರಿಗಳೇ.

ನೆತ್ತಿ ದಾಟಿ ಇಳಿಯುವಾಗ ರಸ್ತೆಬದಿಯಲ್ಲೇ ಸುಣ್ಣಕಲ್ಲಿನಲ್ಲಿ ಕೊರೆದ ಆಳವಾದ ಗುಂಡಿಗಳು ಕಾಣುತ್ತವೆ. ಹಾಸ್ ಸಂತೆಗೆ ಬೆಣ್ಣೆ ಒಯ್ಯುತ್ತಿದ್ದ ರೈತರು ದಾರಿಯಲ್ಲಿ ದಣಿವಾರಿಸಿಕೊಳ್ಳುವಾಗ ಬೆಣ್ಣೆ ಕರಗದಿರಲೆಂದು ಈ ತಣ್ಣನೆಯ ಗುಂಡಿಗಳಲ್ಲಿ ಇಳಿಬಿಡುತ್ತಿದ್ದರು, ಅದರಿಂದಲೇ ಬಟರ್‌ಟಬ್ಸ್ ಎಂಬ ಹೆಸರು ಬಂತು ಎಂಬುದು ಅಲ್ಲಿನವರ ಮಾತು. ಸೈಕಲ್ ನಿಲ್ಲಿಸಿ ನೋಡಿ. ನಿಲ್ಲಿಸಲು ಇನ್ನೊಂದು ಕಾರಣವೆಂದರೆ ಇಲ್ಲಿಂದ ಕೆಳಗಿನ ಇಳಿಜಾರು ಕಠಿಣವಾದದ್ದು, ಒಂದು ಬದಿ ಕಮರಿ. ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಿ, ತಿರುವಿನಲ್ಲಿ ಬ್ರೇಕನ್ನು ಸಡಿಲಿಸಬೇಕು. ಬ್ರೇಕನ್ನು ಒಂದೇ ಸಮನೆ ಹಿಡಿದುಕೊಳ್ಳದೆ ಬಿಟ್ಟು ಬಿಟ್ಟು ಒತ್ತುವುದರಿಂದ ರಿಮ್ಮೂ ಡಿಸ್ಕೂ ಕಾಯುವುದು ತಪ್ಪುತ್ತದೆ. ಕುರಿಯೊಂದು ರಸ್ತೆಯ ಒಂದು ಬದಿಯಲ್ಲೂ ಅದರ ಮರಿ ಇನ್ನೊಂದು ಬದಿಯಲ್ಲೂ ಕಂಡರೆ, ನೀವು ಹತ್ತಿರ ಬಂದ ಗಳಿಗೆಯಲ್ಲೇ ಮರಿ ತಾಯಿಯ ಕಡೆಗೆ ಓಡುತ್ತದೆ ಎಂದು ಗಟ್ಟಿಯಾಗಿ ನಂಬಿ ನಿಧಾನಿಸಬೇಕು.

ಇಳಿದು ಬಿ6270 ರಸ್ತೆ ಸೇರಿ, ಬಲಕ್ಕೆ ಹೊರಳಿದರೆ ಥ್ವೇಟ್, ಆಮೇಲೆ ಮ್ಯೂಕರ್, ಗನ್ನರ್‌ಸೈಡ್, ಲೋ ರೋ, ಹೀಲಾ, ರೀತ್ ಊರುಗಳು ಸಾಲಾಗಿ ಸಿಗುತ್ತವೆ. ಹೀಗೆ ಸ್ವೇಲ್ ನದಿಯ ಹರಿವಿನ ದಿಕ್ಕಿನಲ್ಲೇ ಸಾಗುವ ಹದಿನೇಳು ಕಿಲೋಮೀಟರಿನ ಈ ಭಾಗ ಇಡೀ ಸುತ್ತಿನ ಸೊಗಸು. ಪ್ರತಿ ಹುಲ್ಲುಗಾವಲಿಗೂ ಒಂದೊಂದು ಕಲ್ಲಿನ ಕೊಟ್ಟಿಗೆ. ಹುಲ್ಲನ್ನು ಅಲ್ಲೇ ಕೂಡಿಟ್ಟು, ಚಳಿಗಾಲದಲ್ಲಿ ದನಗಳನ್ನು ಅಲ್ಲೇ ಕಟ್ಟುತ್ತಿದ್ದ ಕಾಲದ ಕಟ್ಟಡಗಳಿವು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು ಕಣಿವೆಯ ಮೈಮೇಲೆಲ್ಲ ಗೆರೆ ಎಳೆದಂತಿವೆ. ರಸ್ತೆ ಕಿರಿದು, ಸೇತುವೆಗಳ ಬಳಿ ತಿರುವುಗಳು ಕುರುಡು. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಬದಿಯ ಅಗಲ ಜಾಗದಲ್ಲಿ ನಿಂತು ದಾರಿ ಬಿಟ್ಟು, ಚಾಲಕ ಬೆರಳೆತ್ತಿದರೆ ನೀವೂ ಕೈಯೆತ್ತಿ ವಂದಿಸುವುದು ಇಲ್ಲಿನ ರೂಢಿ.

ರೀತ್‌ನ ದೊಡ್ಡ ಹಸಿರು ಬಯಲಿನ ಸುತ್ತ ಚಹದಂಗಡಿಗಳಿವೆ. ಊಟದ ವಿರಾಮಕ್ಕೆ ಇದೇ ಸರಿಯಾದ ಜಾಗ, ಏಕೆಂದರೆ ಗ್ರಿಂಟನ್ ಏರಿದ ಮೇಲೆ ಆಚೆಯ ಕಣಿವೆಗೆ ಇಳಿಯುವವರೆಗೆ ಏನೂ ಸಿಗುವುದಿಲ್ಲ. ಹಣ್ಣಿನ ಕೇಕಿನ ಜೊತೆ ವೆನ್ಸ್ಲಿಡೇಲ್ ಚೀಸಿನ ತುಂಡನ್ನಿಟ್ಟು ತಿನ್ನುವುದು ಯಾರ್ಕ್‌ಷೈರಿನ ಪದ್ಧತಿ, ಸವಾರಿಯ ನಡುವೆ ಇದಕ್ಕಿಂತ ಒಳ್ಳೆಯ ತಿನಿಸು ನನಗೆ ತಿಳಿದಿಲ್ಲ. ಸಸ್ಯಾಹಾರಿಗಳು ಚೀಸಿಗೆ ಪ್ರಾಣಿಮೂಲದ ಹೆಪ್ಪು ಬಳಸಿದ್ದಾರೆಯೇ ಎಂದೂ, ಪೈಗಳ ಹಿಟ್ಟಿನಲ್ಲಿ ಪ್ರಾಣಿಕೊಬ್ಬು ಇದೆಯೇ ಎಂದೂ ಕೇಳಿಕೊಳ್ಳಬೇಕು. ಕೇಳಿದರೆ ಯಾರೂ ಬೇಸರಿಸುವುದಿಲ್ಲ.

ಮುಂದೆ ಗ್ರಿಂಟನ್‌ನ ಹಳೆಯ ಚರ್ಚು. ಮ್ಯೂಕರ್‌ನಲ್ಲಿ 1580ರಲ್ಲಿ ಚರ್ಚು ಕಟ್ಟುವವರೆಗೂ ಮೇಲಿನ ಸ್ವೇಲ್‌ಡೇಲ್‌ನ ಜನ ಸತ್ತವರನ್ನು ಹೆಣಿಗೆಯ ಬುಟ್ಟಿಯಲ್ಲಿ ಹೊತ್ತು ಕಣಿವೆಯುದ್ದಕ್ಕೂ ನಡೆದು ಇಲ್ಲಿಗೆ ತರಬೇಕಿತ್ತು. ಚರ್ಚಿನ ಬಳಿ ಬಲಕ್ಕೆ ತಿರುಗಿದರೆ ಎರಡನೆಯ ದೊಡ್ಡ ಏರು. ಬುಡದಲ್ಲೇ ಅತಿ ಕಡಿದು. ಕೋಟೆಯಂತೆ ಕಾಣುವ ಗ್ರಿಂಟನ್ ಲಾಡ್ಜ್ ದಾಟುವವರೆಗೆ ಅತಿ ಸಣ್ಣ ಗೇರಿನಲ್ಲಿ ಉಸಿರಿನ ಲಯ ತಪ್ಪದಂತೆ ತುಳಿಯಬೇಕು, ಅನಂತರ ಬಯಲಿನಲ್ಲಿ ಏರು ಹದಕ್ಕೆ ಬರುತ್ತದೆ. ಕವಲು ಬಂದಾಗ ಎಡದ ರಸ್ತೆ ಲೇಬರ್ನ್‌ಗೂ ಬಲದ್ದು ರೆಡ್‌ಮೈರ್ ಕಡೆಗೂ ಹೋಗುತ್ತದೆ. ಹಾಸ್‌ಗೆ ಮರಳುವವರು ಬಲಕ್ಕೆ ಹಿಡಿಯಬೇಕು.

ಮಳೆಯ ದಿನ ಈ ಭಾಗದಲ್ಲಿ ಎಚ್ಚರ ಬೇಕು. 2019ರ ಜುಲೈ 30ರಂದು ಒಮ್ಮೆಲೇ ಸುರಿದ ಮಳೆಗೆ ಗ್ರಿಂಟನ್–ಲೇಬರ್ನ್ ರಸ್ತೆಯ ಕಲ್ಲಿನ ಸೇತುವೆಯೇ ಕೊಚ್ಚಿಹೋಯಿತು. ಅದೇ ವರ್ಷದ ವಿಶ್ವ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್‌ಗೆಂದು ಅದನ್ನು ಸರಿಪಡಿಸಿದರೂ, ಪುರುಷರ ಸ್ಪರ್ಧೆಯ ದಿನ ಮತ್ತೆ ಮಳೆ ಸುರಿದು ರಸ್ತೆಗಳಲ್ಲಿ ನೀರು ನಿಂತಿದ್ದರಿಂದ ಬಟರ್‌ಟಬ್ಸ್ ಮತ್ತು ಗ್ರಿಂಟನ್ ಎರಡನ್ನೂ ದಾರಿಯಿಂದ ಕೈಬಿಡಲಾಯಿತು. ಜಗತ್ತಿನ ಅಗ್ರ ಸವಾರರನ್ನೇ ಬಳಸುದಾರಿ ಹಿಡಿಸಿದ ಮಳೆಗೆ ನಾವು ಮಣಿದು, ಕಣಿವೆಯ ಚಹದಂಗಡಿಯಲ್ಲಿ ಉಳಿದರೆ ಅವಮಾನವೇನೂ ಇಲ್ಲ.

ಇಳಿದ ಮೇಲೆ ಕ್ಯಾಸಲ್ ಬೋಲ್ಟನ್ ಹಳ್ಳಿ. ಸ್ಕಾಟರ ರಾಣಿ ಮೇರಿಯನ್ನು 1568ರಿಂದ 1569ರವರೆಗೆ ಸೆರೆಯಲ್ಲಿಟ್ಟಿದ್ದ ಕೋಟೆ ರಸ್ತೆಯ ಪಕ್ಕದಲ್ಲೇ ನಿಂತಿದೆ. ಅಲ್ಲಿಂದ ಕಾರ್ಪರ್‌ಬಿ, ಆಸ್ಕ್ರಿಗ್ ಮೂಲಕ ಕಣಿವೆಯ ಉತ್ತರ ಮಗ್ಗುಲಲ್ಲೇ ಹಾಸ್‌ವರೆಗೆ ಹೋಗಬೇಕು. ಕಾರ್ಪರ್‌ಬಿಯಿಂದ ಎಡಕ್ಕೆ ಸ್ವಲ್ಪ ಇಳಿದರೆ ಏಸ್‌ಗಾರ್ತ್ ಜಲಪಾತಗಳಿವೆ. ಆದರೆ ಇಳಿದದ್ದನ್ನು ಮತ್ತೆ ಹತ್ತಬೇಕೆಂಬುದು ನೆನಪಿರಲಿ. ಈ ಕೊನೆಯ ಇಪ್ಪತ್ತು ಕಿಲೋಮೀಟರಿನಲ್ಲಿ ದೊಡ್ಡ ಏರಿಲ್ಲ, ಆದರೆ ಎದುರುಗಾಳಿಯಿದ್ದರೆ ಬಟರ್‌ಟಬ್ಸ್‌ಗಿಂತ ಹೆಚ್ಚು ಹಿಂಡುವುದು ಇದೇ. ಇಬ್ಬರೋ ಮೂವರೋ ಇದ್ದರೆ ಒಬ್ಬರ ಹಿಂದೆ ಒಬ್ಬರು ಗಾಳಿಯ ಮರೆಯಲ್ಲಿ ಸಾಗಿ, ಸರದಿಯಂತೆ ಮುಂದಾಳತ್ವ ಬದಲಾಯಿಸುತ್ತ ಹೋಗುವುದು ಉಪಾಯ.

ರಸ್ತೆಯ ನಿಯಮಗಳು

ನಮ್ಮಂತೆಯೇ ಅಲ್ಲೂ ಎಡಬದಿಯ ಸಂಚಾರವಾದ್ದರಿಂದ ಭಾರತದಿಂದ ಹೋದವರಿಗೆ ಗೊಂದಲವಿಲ್ಲ. ಹೆಲ್ಮೆಟ್ ಕಾನೂನಿನ ಕಡ್ಡಾಯವಲ್ಲ, ಆದರೂ ಧರಿಸದೆ ಈ ಇಳಿಜಾರುಗಳಿಗೆ ಹೋಗಬಾರದು. ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಡ್ಡಾಯ. 2022ರ ಜನವರಿಯಲ್ಲಿ ತಿದ್ದಿದ ಬ್ರಿಟನ್ನಿನ ರಸ್ತೆ ನಿಯಮಾವಳಿಯ (ಹೈವೇ ಕೋಡ್) ಪ್ರಕಾರ ಇಬ್ಬರು ಸವಾರರು ಜೊತೆಜೊತೆಯಾಗಿ ಸಾಗಬಹುದು, ಮತ್ತು ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಹಿಂದಿಕ್ಕುವ ವಾಹನಗಳು ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕು. ಹೊಲದ ಗೇಟು ದಾಟಬೇಕಾಗಿ ಬಂದರೆ ಅದು ಹೇಗಿತ್ತೋ ಹಾಗೆಯೇ ಬಿಟ್ಟು ಬರಬೇಕು. ಅಪಘಾತವಾದರೆ ಕರೆ ಮಾಡಬೇಕಾದ ಸಂಖ್ಯೆ 999. ಭಾರತದವರಿಗೆ ಪರಿಚಿತವಾದ 112 ಕೂಡ ಅಲ್ಲಿ ನಡೆಯುತ್ತದೆ.

ಎರಡನೆಯ ದಿನ ಉಳಿಯುವವರಿಗೆ

ಕಾಲಿನಲ್ಲಿ ಇನ್ನೂ ಬಲವಿದ್ದರೆ ಹಾಸ್‌ನಿಂದ ದಕ್ಷಿಣಕ್ಕೆ ಗೇಲ್ ಹಳ್ಳಿಯ ಮೂಲಕ 589 ಮೀಟರ್ ಎತ್ತರದ ಫ್ಲೀಟ್ ಮಾಸ್ ಏರಿ, ಔಟರ್‌ಷಾ, ಹಬರ್‌ಹೋಮ್ ದಾಟಿ ಬಕ್‌ಡನ್ ತಲುಪಿ, ಅಲ್ಲಿಂದ ಕ್ರೇ ಏರಿನ ಮೂಲಕ ಬಿಷಪ್‌ಡೇಲ್ ಇಳಿದು ಏಸ್‌ಗಾರ್ತ್ ಮಾರ್ಗವಾಗಿ ಮರಳುವ ಸುಮಾರು 55 ಕಿ.ಮೀ. ಸುತ್ತು ಇದೆ. ಫ್ಲೀಟ್ ಮಾಸ್ ಬಟರ್‌ಟಬ್ಸ್‌ಗಿಂತ ಕಠಿಣ. ನೆತ್ತಿಯ ಹತ್ತಿರದ ಕೊನೆಯ ಏರೇ ಅತಿ ಕಡಿದಾದ್ದರಿಂದ ಕೆಳಗೆ ಶಕ್ತಿಯನ್ನೆಲ್ಲ ಖರ್ಚು ಮಾಡಿಕೊಳ್ಳಬಾರದು.

ರೈಲಿಗೆ ಮರಳುವವರು ಹಾಸ್‌ನಿಂದ ಗಾರ್ಸ್‌ಡೇಲ್‌ಗೆ ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಬೇಕು. ಹತ್ತೇ ಕಿಲೋಮೀಟರಾದರೂ ದಾರಿ ಏರುಮುಖ, ಗಾಳಿ ಎದುರು, ರೈಲು ತಪ್ಪಿದರೆ ಮುಂದಿನದು ಗಂಟೆಗಳ ಅನಂತರ. ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಒಂದು ಕಂಚಿನ ನಾಯಿ ಕುಳಿತಿದೆ. ಈ ರೈಲುಮಾರ್ಗವನ್ನು ಮುಚ್ಚಬಾರದೆಂದು 1980ರ ದಶಕದಲ್ಲಿ ಜನ ಸಲ್ಲಿಸಿದ ಮನವಿಗೆ ಪಂಜದ ಗುರುತು ಒತ್ತಿದ ರಸ್‌ವಾರ್ಪ್ ಎಂಬ ನಾಯಿಯದು ಆ ಪ್ರತಿಮೆ. ಅದಕ್ಕೂ ಟಿಕೆಟ್ ಪಡೆಯುತ್ತಿದ್ದರಿಂದ ಅದರ ಆಕ್ಷೇಪಣೆಯನ್ನೂ ಎಣಿಕೆಗೆ ತೆಗೆದುಕೊಂಡರಂತೆ. ಮಾರ್ಗ 1989ರಲ್ಲಿ ಉಳಿಯಿತು. ಸೈಕಲ್ಲನ್ನು ಆ ಪ್ರತಿಮೆಯ ಪಕ್ಕಕ್ಕೆ ಒರಗಿಸಿ, ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡು ಲೀಡ್ಸ್ ಕಡೆಯ ರೈಲಿಗೆ ಕಾಯಬಹುದು.